ಪ್ಯಾರಿಸ್ಸಿಗೊಂದು ಗೋಡೆ

ಗಂಡಸಿಗೆ ಅವನ ಮನೆಯಲ್ಲಿ ಒಂದು ಗೋಡೆಯಾದರೂ ಸ್ವಂತದ್ದು ಇರಬೇಕು ಎಂಬುದು ನನ್ನ ಬಹುಕಾಲದ ಹಕ್ಕೊತ್ತಾಯ. ಕೊಡಿಗೇಹಳ್ಳಿಯ ನಮ್ಮ ಮನೆಯನ್ನು ಕಟ್ಟಿಸಿದ್ದು ನನ್ನ ತಂದೆ, ತೆರಿಗೆ ಕಟ್ಟುವುದು ನಾನು, ಗೋಡೆಗಳು ಮಾತ್ರ ಪೂರ್ತಿಯಾಗಿ ನನ್ನ ಹೆಂಡತಿ ಸರಳಾಳವು. ಪೂರ್ವದ ಗೋಡೆ ದೇವರಿಗೆ, ಪಶ್ಚಿಮದ್ದು ಹಾರ ಹಾಕಿಸಿಕೊಂಡ ನನ್ನ ಮಾವನವರಿಗೆ, ಉತ್ತರದ್ದು ಟೀವಿಗೆ. ದಕ್ಷಿಣದ ಗೋಡೆ ಖಾಲಿ ಇದೆಯಲ್ಲ ಎಂದರೆ, ‘ಖಾಲಿ ಇದ್ರೇನೇ ಲಕ್ಷಣ ಕಣ್ರೀ’ ಎಂಬ ಉತ್ತರ. (ನನ್ನ ತಲೆಯ ವಿಷಯದಲ್ಲಿ ಅವಳಿಗೆ ಈ ಅಭಿಪ್ರಾಯವಿಲ್ಲ.)

ಗೋಡೆ ಯಾಕೆ ಬೇಕು ಎಂದು ನೀವು ಕೇಳಬಹುದು. ಪ್ಯಾರಿಸ್ಸಿಗೆ ಬೇಕು.

ಈ ಪ್ರೇಮಪ್ರಕರಣ ಶುರುವಾದದ್ದು ಸಹಕಾರನಗರದ ಒಬ್ಬ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಬಾಯಿಯನ್ನು ಗುಹೆಯಂತೆ ತೆರೆದುಕೊಂಡು ಮಲಗಿದ್ದಾಗ ಎದುರಿಗೆ ಒಂದು ಹಳೆಯ ಫ್ರೆಂಚ್ ಪೋಸ್ಟರ್ ಕಂಡಿತು. ಹಳದಿ ಲಂಗದ ಒಬ್ಬ ಹೆಂಗಸು ಸೈಕಲ್ಲಿನ ಹ್ಯಾಂಡಲ್ ಬಿಟ್ಟು, ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ನನ್ನನ್ನೇ ನೋಡಿ ನಗುತ್ತಿದ್ದಳು. ಆ ಅವಸ್ಥೆಯಲ್ಲಿ ನನ್ನನ್ನು ನೋಡಿ ಮುಖ ಸಿಂಡರಿಸದ ಹೆಂಗಸು ಅವಳೊಬ್ಬಳೇ. ಹಲ್ಲುನೋವು ಹೋಯಿತು, ಪ್ಯಾರಿಸ್ಸಿನ ಹುಚ್ಚು ಹಿಡಿಯಿತು.

ಅಂದಿನಿಂದ ನನ್ನ ಫೋನಿನ ತುಂಬ ಅವೇ ಚಿತ್ರಗಳು. ಸೋಪು, ಬಿಸ್ಕತ್ತು, ಸೈಕಲ್ಲು, ಹೆಂಡ ಇವನ್ನೆಲ್ಲ ಮಾರಲು ಆ ಊರಿನವರು ಒಂದು ಕಾಲದಲ್ಲಿ ಬೀದಿಯ ಗೋಡೆಗಳಿಗೆ ಅಂಟಿಸುತ್ತಿದ್ದ ಚಿತ್ರಗಳು. ಎಂಥ ಗೆರೆ, ಎಂಥ ಬಣ್ಣ. ಅಲ್ಲಿ ಒಂದು ಬಿಸ್ಕತ್ತು ಮಾರಲು ಅಪ್ಸರೆ ಇಳಿದು ಬರುತ್ತಾಳೆ; ನಮ್ಮ ರಸ್ತೆಯ ಗೋಡೆಯಲ್ಲಿ ‘ಗಂಡಸರ ಪಿ.ಜಿ. ಖಾಲಿ ಇದೆ’ ಮತ್ತು ‘ಮೂಲವ್ಯಾಧಿಗೆ ಸಂಪರ್ಕಿಸಿ’. ಈ ವ್ಯತ್ಯಾಸವನ್ನು ನಾನು ಸರಳಾಳಿಗೆ ದಿನವೂ ತಿಳಿಸಿ ಹೇಳುತ್ತಿದ್ದೆ. ಅವಳು ದಿನವೂ ಸೊಪ್ಪು ಬಿಡಿಸುತ್ತಿದ್ದಳು.

ಒಮ್ಮೆ ಧೈರ್ಯ ಮಾಡಿ, ಸಾಲಾಗಿ ಕಾಲೆತ್ತಿ ಕುಣಿಯುವ ನರ್ತಕಿಯರ ಪೋಸ್ಟರ್ ಒಂದನ್ನು ತರಿಸಿ ದಕ್ಷಿಣದ ಗೋಡೆಗೆ ಹಾಕಿಯೇಬಿಟ್ಟೆ. ಮೊದಲು ನೋಡಿದವರು ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ, ಅಬ್ಬಿಗೆರೆಯ ಅಕ್ಕಯ್ಯಮ್ಮನವರು.

‘ಅಳಿಮಯ್ಯಾ, ಈ ವಮ್ಮ ಯಾಕಿಂಗೆ ಕಾಲೆತ್ಕೊಂಡವ್ಳೆ? ಏನಾನ ಕಚ್ಚಿತಾ?’

‘ಅದು ನೃತ್ಯ ಅತ್ತೆ. ಫ್ರಾನ್ಸ್ ದೇಶದ್ದು.’

‘ಯಾವ್ ದೇಸದ್ದಾದ್ರೂ ಆಗ್ಲಿ. ಒಳ್ಗಿನ್ ಲಂಗ ಕಾಣ್ತೈತೆ, ಇಳಿಸ್ಕೊಳಾಕೆ ಅವ್ಳಿಗೇಳು.’

ಸಂಜೆಗೆ ನರ್ತಕಿಯರು ಅಟ್ಟ ಸೇರಿದರು. ನಾನು ಊಟ ಬಿಟ್ಟೆ. (ಒಂದು ಹೊತ್ತು. ಅವತ್ತು ಉಪ್ಪಿಟ್ಟಿತ್ತು.) ಸರಳಾಳಿಗೆ ಅಷ್ಟಕ್ಕೇ ಕನಿಕರ ಬಂತೋ, ಪೀಡೆ ತೊಲಗಲಿ ಎನಿಸಿತೋ, ಒಂದು ಒಪ್ಪಂದಕ್ಕೆ ಬಂದಳು. ಆಗ ಮಹಡಿಯ ಮೇಲೆ ನಮಗಾಗಿ ಹೊಸ ಮನೆ ಕಟ್ಟಿಸುತ್ತಿದ್ದೆವು.

‘ಮೇಲಿನ ಮನೆ ಹಾಲಲ್ಲಿ ಒಂದ್ ಗೋಡೆ ನಿಮ್ಗೆ ಬಿಡ್ತೀನಿ. ಆದ್ರೆ ಗುರುತು ಪರಿಚಯ ಇಲ್ದಿರೋ ಹೆಂಗಸ್ರು ಬೇಡ. ನೋಡಿದ್ರೆ ನಮ್ಮನೇದು ಅನ್ನಿಸ್ಬೇಕು. ನಂಗೆ ಇಷ್ಟ ಆದ್ರೆ ಮಾತ್ರ ಗೋಡೆ.’

ಗುರುತು ಪರಿಚಯದ ಹೆಂಗಸು. ಈ ಮಾತು ಕೇಳಿದ್ದೇ ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಮದುವೆಯ ವಾರ್ಷಿಕೋತ್ಸವ ಹತ್ತಿರವಿತ್ತು. ಹಳೆಯ ಫ್ರೆಂಚ್ ಪೋಸ್ಟರಿನ ಶೈಲಿಯಲ್ಲಿ ಸರಳಾಳನ್ನೇ ಬರೆದರೆ? ತನ್ನ ಮುಖವನ್ನು ತಾನೇ ಬೇಡ ಎನ್ನುವ ಹೆಂಗಸು ಇನ್ನೂ ಹುಟ್ಟಿಲ್ಲ. ಉಡುಗೊರೆಗೆ ಉಡುಗೊರೆ, ಗೋಡೆಗೆ ಗೋಡೆ.

ಭಾನುವಾರಗಳಂದು ಆನ್‌ಲೈನಿನಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೆನಾದ್ದರಿಂದ ಕೂಡಲೇ ಕಾರ್ಯಪ್ರವೃತ್ತನಾದೆ. ಶಾಸ್ತ್ರೋಕ್ತವಾಗಿ ಕಣ್ಣು ದೊಡ್ಡದು, ಸುತ್ತ ಕಪ್ಪು, ತುಟಿ ಚಿಕ್ಕದು, ಕಡುಗೆಂಪು, ಕತ್ತು ಉದ್ದ, ಗಾಳಿಗೆ ಹಾರುವ ಕೂದಲಿನ ಮೇಲೆ ಗರಿಯ ಟೋಪಿ. ಕೈಯಲ್ಲಿ ಕಾಫಿಯ ಲೋಟ, ಅದರ ಹಬೆ ನುಲಿದುಕೊಂಡು ಅವಳ ಕತ್ತನ್ನು ಬಳಸಿ ಮೇಲೇರುತ್ತದೆ. ಕಿವಿಗೆ ಮಾತ್ರ ಅವಳ ಮದುವೆಯ ಮುತ್ತಿನ ಓಲೆಯನ್ನೇ ಹಾಕಿದೆ. ಬೀರುವಿನಿಂದ ಕದ್ದು ತೆಗೆದು, ಎದುರಿಗಿಟ್ಟುಕೊಂಡು, ಒಂದೊಂದು ಮುತ್ತನ್ನೂ ನೋಡಿ ಬರೆದೆ. ಬರೆಯುವಾಗ, ಸುಳ್ಳು ಯಾಕೆ ಹೇಳಲಿ, ನನಗೆ ಅವಳ ಮೇಲೆ ಬಹಳ ಪ್ರೀತಿ ಉಕ್ಕಿತು. ಕೆಳಗೆ ಬಳ್ಳಿಯಂಥ ಫ್ರೆಂಚ್ ಅಕ್ಷರಗಳಲ್ಲಿ ‘ಕೆಫೆ ಸರಳಾ’ ಎಂದು ಬರೆದೆ.

ಪೋಸ್ಟರ್ ಎಂದಮೇಲೆ ದೊಡ್ಡದಾಗಿರಬೇಕು. ಕೊಡಿಗೇಹಳ್ಳಿ ಗೇಟಿನ ಹತ್ತಿರ ಫ್ಲೆಕ್ಸ್ ಅಂಗಡಿ ನಡೆಸುವ ತರನ್ನುಮ್ ಬಳಿ ಹೋದೆ.

‘ಬರ್ತ್‌ಡೇನಾ ಸಾರ್, ಭಾವಪೂರ್ಣ ಶ್ರದ್ಧಾಂಜಲಿನಾ?’

‘ಎರಡೂ ಅಲ್ಲಮ್ಮ. ಇದು ಕಲೆ.’

‘ಕಲೆಗೆ ಬಾರ್ಡರ್ ಬರುತ್ತಾ ಸಾರ್?’

ಬಾರ್ಡರ್ ಬೇಡ ಎಂದೆ. ಮುದ್ರಣವಾಗಿ ಬಂದಾಗ ಸರಳಾಳ ಮುಖ ಹಸಿರಾಗಿತ್ತು. ‘ಇಂಕು ಸ್ವಲ್ಪ ಹಂಗೆ ಬಂದಿದೆ ಸಾರ್, ಬಿಸಿಲಿಗೆ ಸೆಟ್ ಆಗುತ್ತೆ’ ಎಂದು ತರನ್ನುಮ್ ಸಮಾಧಾನ ಹೇಳಿದಳು. ಕಲೆಯಲ್ಲಿ ಹಸಿರು ಮುಖಕ್ಕೂ ಸ್ಥಾನವಿದೆ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ಸುರುಳಿ ಸುತ್ತಿ ತಂದು, ಮಹಡಿಯ ಮೇಲೆ ಸಿಮೆಂಟಿನ ಮೂಟೆಗಳ ಹಿಂದೆ ಬಚ್ಚಿಟ್ಟೆ. ಧೂಳಿಗೆ ಸೀನುವ ಸರಳಾ ಅಲ್ಲಿಗೆ ಹತ್ತುವುದಿಲ್ಲ.

ಈ ಕಲಾಸೇವೆಯ ಭರದಲ್ಲಿ ನಾನು ಮರೆತದ್ದು ಒಂದೇ ವಿಷಯ. ತಾರಸಿಗೆ ಕಾಂಕ್ರೀಟ್ ಸುರಿಯುವ ದಿನ, ಅಂದರೆ ಮೋಲ್ಡ್ ಹಾಕುವ ದಿನ, ಬಂದುಬಿಟ್ಟಿತ್ತು. ‘ಸಾರ್, ದೃಷ್ಟಿ ಬೊಂಬೆ ತಂದ್ಬಿಡಿ’ ಎಂದು ಮೇಸ್ತ್ರಿ ಮುನಿರತ್ನ ನೋಡಿದಾಗಲೆಲ್ಲ ಹೇಳುತ್ತಿದ್ದ. ಕಟ್ಟುವ ಮನೆಯ ಮುಂದೆ ಕಣ್ಣು ಕೆಕ್ಕರಿಸಿದ ಒಂದು ಭೀಕರ ಮುಖ ತೂಗುಹಾಕುವುದು ನಮ್ಮ ಕಡೆಯ ಪದ್ಧತಿ. ಹೋಗಿ ಬರುವವರ ಕೆಟ್ಟ ಕಣ್ಣು ಮನೆಗೆ ತಾಗದೆ ಅದರ ಮೇಲೆ ಬೀಳಲಿ ಎಂದು. ‘ಆಯ್ತು ಆಯ್ತು’ ಎನ್ನುತ್ತಲೇ ಇದ್ದೆ, ತಂದಿರಲಿಲ್ಲ.

ಮೋಲ್ಡಿನ ದಿನ ಬೆಳಿಗ್ಗೆ ಕೆಲಸದವರಿಗೆ ಇಡ್ಲಿ ಕಟ್ಟಿಸಿಕೊಂಡು ಬಂದೆ. ಮನೆಯ ಮುಂದೆ ಕರ್ಪೂರದ ಹೊಗೆ. ಸರಳಾ, ಅತ್ತೆ, ಎದುರಿನ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸುತ್ತಿರುವ ಬ್ಯಾಟರಾಯಪ್ಪ, ಮೂವರೂ ಕತ್ತೆತ್ತಿ ನಿಂತಿದ್ದರು. ನಾನೂ ಎತ್ತಿದೆ. ಬಿದಿರ ಗಳುವಿಗೆ ನನ್ನ ಪ್ಯಾರಿಸ್ಸು ನೇತಾಡುತ್ತಿತ್ತು. ಎಡಕ್ಕೆ ಬೂದುಗುಂಬಳ, ಬಲಕ್ಕೆ ಒಂದು ಹಳೆಯ ಚಪ್ಪಲಿ, ಟೋಪಿಯ ಗರಿಗೆ ಮೆಣಸಿನಕಾಯಿ.

‘ಏನ್ ಸಾರ್ ನೀವು’ ಎಂದ ಮುನಿರತ್ನ. ‘ನಾನು ಕೇಳ್ತಾನೇ ಇದೀನಿ, ನೀವು ತಂದು ಮೂಟೆ ಹಿಂದೆ ಇಟ್ಬಿಟ್ಟು ಸುಮ್ನಿದೀರ. ಪೂಜೆ ಮಾಡಿ ಕಟ್ಬಿಟ್ಟೆ. ಕೆಳಗಡೆ ಏನೋ ಇಂಗ್ಲಿಷಲ್ಲಿತ್ತು, ಕಂಪ್ನಿ ಹೆಸ್ರಿರ್ಬೇಕು ಅಂತ ಒಳಕ್ಕೆ ಮಡ್ಚಿದೀನಿ.’

ಅಷ್ಟರಲ್ಲಿ ಸರಳಾ ನನ್ನತ್ತ ತಿರುಗಿದಳು. ಅವಳ ಮುಖದಲ್ಲಿ ಅಪರೂಪದ ಮೆಚ್ಚುಗೆಯಿತ್ತು.

‘ಒಂದ್ ಕೆಲ್ಸನಾದ್ರೂ ನೆಟ್ಟಗೆ ಮಾಡಿದೀರಲ್ರೀ. ಎಲ್ಲಿ ಸಿಕ್ತು ಇದು? ಆ ಕಣ್ಣು ನೋಡಿ, ಹೊಟ್ಟೆಯೆಲ್ಲ ತೊಳಸುತ್ತೆ.’

‘ಕತ್ತಿಗೆ ಆವು ಬೇರೆ ಸುತ್ಕೊಂಡೈತೆ’ ಎಂದರು ಅತ್ತೆ. (ಅದು ಕಾಫಿಯ ಹಬೆ.)

‘ಇಜಯಣ್ಣ, ನಾಕ್ ಮಾಡಿ ಕಟ್ತಿದೀನಿ, ನನ್ ತಾವ ಇಂತಾದ್ದಿಲ್ವಲ್ಲ’ ಎಂದು ಬ್ಯಾಟರಾಯಪ್ಪ ನನ್ನತ್ತ ತಿರುಗಿ ಹೊಟ್ಟೆಕಿಚ್ಚು ಪಟ್ಟ.

ನನ್ನ ಸಂಕಟ ಯಾರಿಗೂ ಬೇಡ. ಬಾಯಿ ಬಿಟ್ಟರೆ ಗೋಡೆಯ ಆಸೆ ಮಣ್ಣುಪಾಲು, ಜೊತೆಗೆ ಉಳಿದ ಆಯುಸ್ಸಿನ ಕಾಫಿ ತಿಂಡಿಯೂ. ಬಿಡದಿದ್ದರೆ ನಾನು ಕಣ್ಣಲ್ಲಿ ಕಣ್ಣಿಟ್ಟು ಬರೆದ ಹೆಂಡತಿ ಚಪ್ಪಲಿಯ ಪಕ್ಕ ತೂಗಾಡುತ್ತಿರುತ್ತಾಳೆ. ಕಲಾವಿದನಾಗಿ ನನಗೆ ಅವಮಾನವಾಯಿತು, ಗಂಡನಾಗಿ ಭಯವಾಯಿತು. ಭಯವೇ ಗೆದ್ದಿತು. ಸುಮ್ಮನೆ ಇಡ್ಲಿ ಹಂಚಿದೆ.

ಮಧ್ಯಾಹ್ನದವರೆಗೆ ಕಾಂಕ್ರೀಟ್ ಕಲೆಸುವ ಯಂತ್ರದ ಗದ್ದಲದಲ್ಲಿ ಎಲ್ಲ ಸುಸೂತ್ರವಾಗಿ ಸಾಗಿತು. ಊಟದ ಹೊತ್ತಿಗೆ ಸರಳಾ ಕೆಲಸದವರಿಗೆ ಪಾಯಸ ಬಡಿಸುತ್ತಿದ್ದವಳು ಯಾಕೋ ಮೇಲೆ ನೋಡಿ, ಸೌಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು.

‘ರೀ, ಆ ರಾಕ್ಷಸಿ ಕಿವೀಲಿ ನನ್ನ ಮುತ್ತಿನ ಓಲೆ ಇದೆಯಲ್ರೀ.’

‘ಓಲೆ ಅಂದ್ಮೇಲೆ ಎಲ್ಲಾ ಒಂದೇ ಥರ ಇರುತ್ತೆ ಬಿಡು.’

‘ಬಲಗಡೆದ್ರಲ್ಲಿ ಒಂದ್ ಮುತ್ತು ಉದುರಿರೋದೂ ಒಂದೇ ಥರ ಇರುತ್ತಾ?’

ನೋಡಿ ಬರೆಯುವುದರ ಕಷ್ಟ ಇದು. ನಾನು ಪಾಯಸವನ್ನು ಹೊಗಳಿದೆ. ಅವಳು ಮುನಿರತ್ನನಿಗೆ ಹೇಳಿ ಮಡಿಸಿದ ಭಾಗವನ್ನು ಬಿಚ್ಚಿಸಿದಳು. ಬಳ್ಳಿಯಂಥ ಅಕ್ಷರಗಳು ಒಂದೊಂದಾಗಿ ಇಳಿದು ಬಂದು ಊರಿಗೆಲ್ಲ ಕಾಣುವಂತೆ ನಿಂತವು. ಯಂತ್ರದವನು ಅದೇ ಗಳಿಗೆಯಲ್ಲಿ ಯಂತ್ರವನ್ನೂ ನಿಲ್ಲಿಸಬೇಕೇ? ಅಕ್ಕಯ್ಯಮ್ಮನವರು ಚಿತ್ರವನ್ನೊಮ್ಮೆ ಮಗಳನ್ನೊಮ್ಮೆ ನೋಡಿದರು.

‘ಅದ್ಕೇಯ, ಬೆಳಗ್ಗಿಂದ ಎಲ್ಲೋ ನೋಡ್ದಂಗೈತಲ್ಲ ಅಂತಿದ್ದೆ.’

ಬ್ಯಾಟರಾಯಪ್ಪ ಮನೆಯಲ್ಲಿ ನೀರು ಬಿಟ್ಟಿದ್ದಾರೆಂದು ಹೇಳಿ ಹೊರಟುಹೋದ. ನಾನು ವಾರ್ಷಿಕೋತ್ಸವ, ಉಡುಗೊರೆ, ಫ್ರೆಂಚ್ ಶೈಲಿಯ ಕಣ್ಣು, ತರನ್ನುಮ್ ಅಂಗಡಿಯ ಇಂಕು ಎಲ್ಲವನ್ನೂ ವಿವರಿಸಿದೆ. ಸರಳಾ ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು.

‘ಮುನಿರತ್ನ, ಇಳಿಸಪ್ಪ ಅದನ್ನ’ ಎಂದಳಷ್ಟೇ.

‘ಸುಮ್ನೆ ಇಳಿಸೋ ಹಂಗಿಲ್ಲಮ್ಮ. ಪೂಜೆ ಆಗಿದೆ, ಮೋಲ್ಡ್ ಬಿದ್ದಿದೆ. ಗೃಹಪ್ರವೇಶದ ತನಕ ಅಲ್ಲಿ ಒಂದ್ ಮುಖ ಇರ್ಲೇಬೇಕು. ಬದ್ಲು ತಂದ್ಕೊಟ್ರೆ ಕಟ್ತೀನಿ.’

‘ಊ ಕಣವ್ವ, ಬರಿದು ಬಿಡಬಾರ್ದು’ ಎಂದು ಅತ್ತೆ ದನಿಗೂಡಿಸಿದರು.

ಸರಳಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಬದ್ಲು ಬರುತ್ತೆ. ಬರೀರಿ.’

‘ಯಾರನ್ನ?’

‘ಇನ್ಯಾರನ್ನ? ನಿಮ್ಮನ್ನೇ.’

ಹೇಳಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೇ ಖುಷಿಯಾಯಿತು. ಗೋಡೆ ಇನ್ನೂ ಕೈತಪ್ಪಿರಲಿಲ್ಲ. ನನ್ನ ಚಿತ್ರವನ್ನು ಎಷ್ಟು ಸೌಮ್ಯವಾಗಿ, ಎಷ್ಟು ಮೋಹಕವಾಗಿ ಬರೆಯುತ್ತೇನೆಂದರೆ, ‘ಇದಕ್ಕೆ ಕಾಗೆಯೂ ಹೆದರಲ್ಲ ಸಾರ್’ ಎಂದು ಮೇಸ್ತ್ರಿ ತಿರಸ್ಕರಿಸಬೇಕು. ಆಗ ಸರಳಾ, ‘ಇಷ್ಟ್ ಚೆನ್ನಾಗಿರೋದನ್ನ ಬಿಸಿಲಿಗೆ ಯಾಕೆ, ಹಾಲಲ್ಲೇ ಹಾಕಿ’ ಎನ್ನಬೇಕು. ಯೋಜನೆಯಲ್ಲಿ ಲೋಪವೇ ಇರಲಿಲ್ಲ.

ಆ ಭಾನುವಾರ ಪೂರ್ತಿ ಬರೆದೆ. ಓರೆಯಾಗಿ ಕೂತ ಚಪ್ಪಟೆ ಟೋಪಿ, ತುದಿ ತಿರುವಿದ ಮೀಸೆ, ಕವಿಗಳಿಗಿರುವಂಥ ಅರೆಮುಚ್ಚಿದ ಕಣ್ಣು, ತುಟಿಯಂಚಿನಲ್ಲಿ ಮಂದಹಾಸ, ಹಿಂದೆ ದೂರದಲ್ಲಿ ಐಫೆಲ್ ಗೋಪುರ. ಕಾಲೇಜಿನ ದಿನಗಳ ಕೂದಲನ್ನು ತಲೆಗೆ ವಾಪಸು ಕೊಟ್ಟೆ, ಹೊಟ್ಟೆಯನ್ನು ಪೂರ್ತಿ ತೆಗೆದೆ. ಈ ಸಲ ತರನ್ನುಮ್ ಪಕ್ಕದಲ್ಲೇ ನಿಂತು ಮುಖಕ್ಕೆ ಮುಖದ ಬಣ್ಣವನ್ನೇ ಬರಿಸಿದೆ. ಮನೆಯ ಮುಂದೆ ಅದನ್ನು ಬಿಡಿಸಿ ಹಿಡಿದಾಗ ನನಗೇ ಕಣ್ಣು ತುಂಬಿ ಬಂತು.

ಅತ್ತೆ ಒಂದು ಸಲ ನೋಡಿ ಸೆರಗನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ನಾನು ಮುನಿರತ್ನನ ತೀರ್ಪಿಗಾಗಿ ಕಾದು ನಿಂತೆ. ಅವನು ಹಿಂದೆ ಸರಿದು, ಮುಂದೆ ಬಂದು, ತಲೆ ಓರೆ ಮಾಡಿ ನೋಡಿದ.

‘ಒಂದ್ ನಾಲ್ಗೆ, ಎರಡ್ ಕೋರೆಹಲ್ಲು ಬರೆಸ್ಬೇಕಾಗುತ್ತೇನೋ ಅನ್ಕೊಂಡೆ ಸಾರ್. ಏನೂ ಬೇಡ. ಹಿಂಗೇ ನಡಿಯುತ್ತೆ.’

ಸರಳಾ ಇಳಿದಳು, ನಾನು ಏರಿದೆ. ಇಳಿದ ಫ್ಲೆಕ್ಸಿನಿಂದ ಅವಳು ಕಿವಿಯ ಭಾಗವನ್ನಷ್ಟೇ ಕತ್ತರಿಸಿಕೊಂಡು ಅಕ್ಕಸಾಲಿಗನಿಗೆ ತೋರಿಸಿ, ಉದುರಿದ ಮುತ್ತನ್ನು ಕೂಡಿಸಿಕೊಂಡು ಬಂದಳು. ಉಳಿದದ್ದರ ಮೇಲೆ ಸಂಡಿಗೆ ಒಣಗುತ್ತಿದೆ. ಮರುದಿನವೇ ಬ್ಯಾಟರಾಯಪ್ಪ ಬಂದು, ‘ಮೊದ್ಲಿಂದಕ್ಕಿಂತ ಇದು ಪವರ್ ಜಾಸ್ತಿ ಇಜಯಣ್ಣ, ನಂಗೂ ಒಂದ್ ಮಾಡ್ಸು, ನಗ್ತಿರೋದೇ ಇರ್ಲಿ’ ಎಂದು ಕೇಳಿಕೊಂಡ.

ಗೃಹಪ್ರವೇಶ ಹತ್ತಿರ ಬಂದಾಗ ಮೆಲ್ಲಗೆ ಹಾಲಿನ ಗೋಡೆಯ ಮಾತೆತ್ತಿದೆ. ಸರಳಾ ಮಾವಿನೆಲೆ ತೋರಣ ಕಟ್ಟುತ್ತಿದ್ದಳು.

‘ಹಾಲಿನ ಗೋಡೆ ಯಾಕ್ರೀ, ರೋಡ್ ಕಡೆ ಗೋಡೆ ಪೂರ್ತಿ ನಿಮ್ಮದೇ. ನಿಮ್ಮ ಪ್ಯಾರಿಸ್ಸಲ್ಲೂ ಬೀದಿಗೇ ಅಂಟಿಸ್ತಿದ್ರು ಅಂತ ನೀವೇ ತಾನೆ ಹೇಳಿದ್ದು? ಅದು ಅಲ್ಲೇ ಇರ್ಲಿ. ನೀವು ಅಲ್ಲಿಗೆ ಹತ್ತಿದ್ಮೇಲೆ ಮನೇಲಿ ಯಾರಿಗೂ ಒಂದು ಕೆಮ್ಮೂ ಬಂದಿಲ್ಲ.’

ಗೃಹಪ್ರವೇಶದ ದಿನ ರೇಷ್ಮೆ ಪಂಚೆ ಉಟ್ಟು, ಪನ್ನೀರುದಾನಿ ಹಿಡಿದು ಬಾಗಿಲಲ್ಲಿ ನಿಂತೆ. ಬಂದವರೆಲ್ಲ ಮೊದಲು ಕತ್ತೆತ್ತಿ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ನೆಲ ನೋಡುತ್ತ ಬಲಗಾಲಿಟ್ಟು ಒಳಗೆ ಹೋದರು. ಹೊಸ ಮನೆಯನ್ನು ಕಣ್ಣೆತ್ತಿ ನೋಡುವ ಧೈರ್ಯ ಒಬ್ಬರಿಗೂ ಬರಲಿಲ್ಲ.