ಬಿಳೇಕಹಳ್ಳಿಯ ದೋಣಿಗೆ ಆರು ಕಿಟಕಿ

ನಮ್ಮ ಸೋದರಮಾವನಿಗೆ ಈಜು ಬರುವುದಿಲ್ಲ. ಈಜಿನ ಮಾತು ಹಾಗಿರಲಿ, ಸಮುದ್ರ ನೋಡಲು ಹೋದಾಗಲೂ ಪಂಚೆ ಎತ್ತಿ ಹಿಡಿದು ಒಣಮರಳಿನಲ್ಲೇ ನಿಲ್ಲುವ ಪೈಕಿ ಅವರು. ಇಂಥವರು ಒಂದು ದೋಣಿ ಕೊಂಡರು ಎಂದರೆ ನಂಬುತ್ತೀರಾ? ಅದೂ ಹುಟ್ಟು ಹಾಕುವ ಪುಟ್ಟ ದೋಣಿಯಲ್ಲ. ಮೇಲೆ ಚಾವಣಿ, ಒಳಗೆ ಎರಡು ಬೆಂಚು, ಸುತ್ತ ಆರು ಕಿಟಕಿ ಇರುವ ದೋಣಿ! ಬಿಳೇಕಹಳ್ಳಿಯಲ್ಲಿ! "ಮಾವ, ಇಲ್ಲಿಂದ ಸಮುದ್ರ ಎಷ್ಟು ದೂರ ಗೊತ್ತಾ?" ಎಂದು ನಾನು ಕೇಳಿದ್ದಕ್ಕೆ, "ದೂರ ಇರೋದೇ ಒಳ್ಳೇದು ಕಣೇ, ರಿಪೇರಿಗೆ ಟೈಮ್ ಸಿಗುತ್ತೆ" ಎಂದರು.

ಯಾವುದೋ ಕೆರೆಯಲ್ಲಿ ದೋಣಿ ಓಡಿಸುತ್ತಿದ್ದವನು ವ್ಯವಹಾರ ಮುಚ್ಚಿ ಅದನ್ನು ದಡದಲ್ಲಿ ಬಿಸಾಡಿ ಹೋಗಿದ್ದನಂತೆ. ವಾಕಿಂಗ್ ಹೋದ ಮಾವನಿಗೆ ಅದು ಕಣ್ಣಿಗೆ ಬಿದ್ದು, ಕರುಳು ಚುರುಕ್ ಎಂದಿತು. ಮಾಲೀಕನನ್ನು ಹುಡುಕಿ ದುಡ್ಡು ಕೊಟ್ಟರು, ಮೂರನೇ ದಿನಕ್ಕೆ ಲಾರಿ ಬಂತು. ಬನ್ನೇರುಘಟ್ಟ ರಸ್ತೆಯ ಜಾಮಿನಲ್ಲಿ ಲಾರಿ ಮುಕ್ಕಾಲು ಗಂಟೆ ನಿಂತಿತು. ಪಕ್ಕದ ಬೈಕಿನವನೊಬ್ಬ ಹೆಲ್ಮೆಟ್ಟಿನ ಗಾಜು ಎತ್ತಿ, "ಅಂಕಲ್, ಸಖತ್ ಐಡಿಯಾ! ಮಳೆಗಾಲಕ್ಕೆ ಈಗ್ಲೇ ಬುಕಿಂಗ್ ಓಪನ್ನಾ?" ಎಂದ. ಮಾವ ಗಂಭೀರವಾಗಿ, "ಕಿಟಕಿ ರೆಡಿ ಆಗ್ಲಿ ಮಗು, ಆಮೇಲೆ ಬಾ" ಎಂದರು.

ಕಾರು ಬೀದಿಗೆ ಬಿತ್ತು, ದೋಣಿ ಮೇಲ್ಚಾವಣಿಯಿಲ್ಲದ ಪೋರ್ಟಿಕೋ ಸೇರಿತು. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ದೋಣಿ ಪೂರ್ತಿ ಹಿಡಿಸುತ್ತದೆಯೇ? ಮೂತಿ ಗೇಟಿನಾಚೆ ಇಣುಕುತ್ತಿತ್ತು. ಹಾಲಿನವನು ಪ್ಯಾಕೆಟ್ಟನ್ನು ಅದರ ಮೂತಿಯ ಮೇಲೆಯೇ ಇಟ್ಟು ಹೋಗತೊಡಗಿದ. ಅತ್ತೆ ಬೈದರು, ನಕ್ಕರು, ಮತ್ತೆ ಬೈದರು. ಆದರೆ ಒಂದು ವಿಷಯ ನಾವೆಲ್ಲ ಗಮನಿಸಿದೆವು. ರಿಟೈರ್ ಆದಮೇಲೆ ಎರಡು ವರ್ಷ ಟೀವಿಯ ಮುಂದೆ ಕೂತು, ಕೇಳಿದ್ದಕ್ಕೆ ಮಾತ್ರ "ಹೂಂ" ಅನ್ನುತ್ತಿದ್ದ ಮಾವ ಈಗ ಬೆಳಗ್ಗೆ ಎದ್ದು ಸಿಳ್ಳೆ ಹಾಕುತ್ತಿದ್ದರು.

ದೋಣಿ ಖಾಲಿ ಇದೆಯಲ್ಲ, ಬಿಸಿಲೂ ಬರುತ್ತದೆಯಲ್ಲ ಎಂದು ಅತ್ತೆ ಅದರ ಬೆಂಚಿನ ಮೇಲೆ ಅರಳು ಸಂಡಿಗೆ ಒಣಗಿಸಿದರು. ಅಂದು ಮಧ್ಯಾಹ್ನವೇ ಮಳೆ ಬರಬೇಕೇ! ಆರೂ ಕಿಟಕಿ ಒಂದೇ ಮನಸ್ಸಿನಿಂದ ಸೋರಿದವು. ಸಂಡಿಗೆ ಗಂಜಿಯಾಯಿತು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ತೀರ್ಪು ಕೊಟ್ಟರು: "ಕಿಟಕಿ ರಿಪೇರಿ ಮಾಡ್ಕೊಳ್ಳಿ. ನಾನೇ ಒಳಗೆ ಕೂತು ನೋಡ್ತೀನಿ. ಒಂದೇ ಒಂದು ಹನಿ ಒಳಗೆ ಬಂದ್ರೂ ದೋಣಿ ಗುಜರಿಗೆ!"

"ಒಂದು ಹನಿ ಬಂದ್ರೆ ಗುಜರಿಯವನನ್ನ ನಾನೇ ಕರೀತೀನಿ" ಎಂದರು ಮಾವ. ಸುಮ್ಮನೆ ಅಂದದ್ದಲ್ಲ. ಮಾವ ಕೊಟ್ಟ ಮಾತಿಗೆ ತಪ್ಪಿದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ.

ಕಿಟಕಿಯ ಸಂದು ಮುಚ್ಚುವ ಸೀಲೆಂಟ್ ಗಮ್ ತರಲು ನನ್ನನ್ನೂ ಕರೆದುಕೊಂಡು ತಿಲಕ್ ನಗರದ ಹಾರ್ಡ್‌ವೇರ್ ಅಂಗಡಿಗೆ ಹೋದರು. ಅಂಗಡಿಯವನು, "ಬಾತ್‌ರೂಮಿಗಾ ಸಾರ್, ಕಿಚನ್‌ಗಾ?" ಎಂದ.

"ದೋಣಿಗೆ."

"ದೋಣಿ ಎಲ್ಲಿದೆ ಸಾರ್?"

"ಪೋರ್ಟಿಕೋದಲ್ಲಿ."

ಅಂಗಡಿಯವನು ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿ, ಮೆಲ್ಲಗೆ, "ಮೇಡಂ, ಮನೇಲಿ ದೊಡ್ಡವರು ಬೇರೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದ!

ಇಲ್ಲಿಯವರೆಗೆ ನಾನೂ ನಗುತ್ತಿದ್ದೆ. ಕೆಲಸ ಶುರುವಾದ ಮೇಲೆ ನನ್ನ ನಗು ನಿಂತಿತು. ಹಳೆಯ ಗಾಜು ತೆಗೆದರು. ಚೌಕಟ್ಟಿಗೆ ಅಂಟಿಕೊಂಡಿದ್ದ ಕರಿ ಗಮ್ಮನ್ನು ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದೆ ಎಂದು ಅತ್ತೆಯ ಮರದ ಸೌಟಿನ ಹಿಡಿಯಿಂದ ಕೆರೆದರು. ಒಂದು ಕಿಟಕಿಗೆ ಒಂದು ದಿನ! ಹಳೆಯ ಗಾಜನ್ನೇ ರಟ್ಟಿನ ಮೇಲಿಟ್ಟು ಅಚ್ಚು ತೆಗೆದು, ಅದರಂತೆ ಹೊಸ ಅಕ್ರಿಲಿಕ್ ಶೀಟು ಕತ್ತರಿಸಿ, ಅಂಚನ್ನು ಉಜ್ಜಿ ಉಜ್ಜಿ, ಕೆನ್ನೆಗೆ ತಾಗಿಸಿ ನುಣುಪು ನೋಡಿದರು. ನನಗೆ ಒಂದು ಲಕೋಟೆಯನ್ನು ನೆಟ್ಟಗೆ ಅಂಟಿಸುವ ತಾಳ್ಮೆ ಇಲ್ಲ. ಅರವತ್ತೆರಡರ ಈ ಮನುಷ್ಯ ನೀರಿಗೆ ಇಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ದೋಣಿಗೆ ಇಷ್ಟೊಂದು ಮಾಡುವುದನ್ನು ಕಂಡು ನಿಜಕ್ಕೂ ಕೈ ಮುಗಿಯಬೇಕು ಅನ್ನಿಸಿತು.

ಶನಿವಾರ ಬೆಳಗ್ಗೆ ಕಿಟಕಿ ಕೂರಿಸುವ ಮುಹೂರ್ತ. ಮಾವ ಮೊದಲು ಆರೂ ಚೌಕಟ್ಟಿಗೆ ಸೀಲೆಂಟ್ ಹಚ್ಚಿದರು. ಅದು ಹತ್ತು ನಿಮಿಷದಲ್ಲಿ ಕೆನೆಗಟ್ಟುತ್ತದೆ. ಅಷ್ಟರಲ್ಲಿ ಶೀಟು ಕೂರಬೇಕು. ಮೊದಲ ಶೀಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ, ಆಗ ಅಡುಗೆಮನೆಯಿಂದ ಅತ್ತೆಯ ದನಿ: "ರೀ, ಒಂಬತ್ತಾಯ್ತು! ರಾಹುಕಾಲ!"

"ಶುರು ಮಾಡಿ ಆಗಿದೆ ಕಣೇ."

"ಗಮ್ ಹಚ್ಚೋದು ಶುರು ಏನ್ರೀ? ಕಿಟಕಿ ಕೂರಿಸೋದೇ ಶುರು. ನೀರಿನ ಮೇಲೆ ಹೋಗೋ ವಸ್ತು, ಆಮೇಲೆ ನಿಮ್ಮಿಷ್ಟ."

ಈಜು ಬಾರದ ಮನುಷ್ಯ ಈ ಕೊನೆಯ ಮಾತಿಗೆ ಎದುರು ಹೇಳುವುದುಂಟೇ? ಶೀಟು ಕೆಳಗಿಟ್ಟು ಕಾಫಿ ಕುಡಿಯುತ್ತ ಹತ್ತೂವರೆವರೆಗೆ ಕಾದರು. ಆಮೇಲೆ ಆರೂ ಕಿಟಕಿ ಕೂರಿಸಿ, ಸಮಾಧಾನದಿಂದ ಒಂದಕ್ಕೆ ಕೈ ಊರಿ ನಿಂತರು. ಕಿಟಕಿ ಹಾಗೇ ಕಳಚಿಕೊಂಡಿತು. ಮಾವ ಅದರ ಸಮೇತ ದೋಣಿಯೊಳಗೆ ಬಿದ್ದರು! ಉಳಿದ ಐದೂ ಅದೇ ಜಾತಿ. ಮತ್ತೆ ಸೌಟಿನ ಹಿಡಿ, ಮತ್ತೆ ಆರು ದಿನ ಕೆರೆತ. ಆ ಆರು ದಿನ ಸಿಳ್ಳೆ ಕೇಳಿಸಲಿಲ್ಲ. ಅತ್ತೆ ಹೊತ್ತು ಹೊತ್ತಿಗೆ ಕಾಫಿ ತಂದಿಡುತ್ತಿದ್ದರು.

ಎರಡನೆಯ ಸಲ ಒಂದು ಹಚ್ಚು, ಒಂದು ಕೂರಿಸು. ಈ ಸಲ ಶೀಟಿನ ಅಂಚಿಗೆ ಬೋಲ್ಟನ್ನೂ ಹಾಕಿ, ಅರ್ಧ ಮಾತ್ರ ಬಿಗಿದರು. "ಈಗ್ಲೇ ಪೂರ್ತಿ ಬಿಗಿದ್ರೆ ಗಮ್ ಎಲ್ಲಾ ಆಚೆ ಬಂದ್ಬಿಡುತ್ತೆ. ಒಬ್ಬಟ್ಟಿನ ಕಣಕ ನೆನೆಯೋಕೆ ಬಿಡಲ್ವಾ, ಹಾಗೆ" ಎಂದು ನನಗೆ ಪಾಠ ಹೇಳಿದರು. ಮಾರನೆಯ ದಿನ ಉಳಿದರ್ಧ ಬಿಗಿದು, ಒಂದು ವಾರ ಯಾರನ್ನೂ ಹತ್ತಿರ ಬಿಡಲಿಲ್ಲ.

ಆಮೇಲೆ ಒಂದು ಭಾನುವಾರ, ಸಂಜೆ ನಾಲ್ಕಕ್ಕೆ ಪರೀಕ್ಷೆ. ಕುಡಿಯುವ ನೀರು ದಂಡ ಮಾಡಬಾರದೆಂದು ಮಾವ ವಾಷಿಂಗ್ ಮೆಷಿನ್ನಿನ ನೀರನ್ನು ವಾರವಿಡೀ ಡ್ರಮ್ಮಿನಲ್ಲಿ ಕೂಡಿಟ್ಟಿದ್ದರು. ಒಂದು ಹನಿ ಬಿದ್ದರೂ ಗೊತ್ತಾಗಲಿ ಎಂದು ಪ್ರತಿ ಕಿಟಕಿಯ ಕೆಳಗೂ ರಂಗೋಲಿ ಪುಡಿ ಹರಡಿದ್ದೂ ಅವರೇ. ಕಳ್ಳಾಟ ಆಡುವ ಮನುಷ್ಯನೇ ಅಲ್ಲ. ಅತ್ತೆ ಮತ್ತು ನಾನು ಒಳಗೆ ಕೂತು ಬಾಗಿಲು ಹಾಕಿಕೊಂಡೆವು. ಹೊರಗೆ ಪಂಪು ಗುರ್ ಎಂದಿತು. ಚಾವಣಿಯ ಮೇಲೆ, ಕಿಟಕಿಯ ಮೇಲೆ ನೊರೆನೊರೆ ನೀರು. ಐದು ನಿಮಿಷ, ಹತ್ತು ನಿಮಿಷ. ಪುಡಿ ಒಣಗಿಯೇ ಇತ್ತು. ನಾನು ಉಸಿರು ಬಿಡುವಷ್ಟರಲ್ಲಿ ಕೊನೆಯ ಕಿಟಕಿಯ ಮೂಲೆಯಿಂದ ಒಂದು ಹನಿ ಜಾರಿ ಬಿತ್ತು. ಪುಡಿಯ ಮೇಲೆ ದುಂಡಗಿನ ಒದ್ದೆ ಗುರುತು.

ಅತ್ತೆ ಅದನ್ನೇ ನೋಡಿದರು. ಮಂಜುಮಂಜಾದ ಕಿಟಕಿಯಾಚೆ ಪೈಪು ಹಿಡಿದು ನಿಂತಿದ್ದ ಮಾವನನ್ನು ನೋಡಿದರು. ಆಮೇಲೆ ಬೆರಳಿನಿಂದ ಆ ಗುರುತಿನ ಸುತ್ತ ಎಂಟು ಎಸಳು ಎಳೆದು ಹೂವು ಮಾಡಿಬಿಟ್ಟರು!

"ದೋಣಿ ಬರೋ ಹೊತ್ತಿಗೆ ಎರಡು ವರ್ಷ ಆಗಿತ್ತು ಕಣೇ, ಈ ಮನುಷ್ಯ ಸಿಳ್ಳೆ ಹಾಕಿ" ಎಂದು ಪಿಸುಗುಟ್ಟಿ, ಬಾಗಿಲು ತೆರೆದು ಕೂಗಿದರು, "ರೀ, ನಿಲ್ಲಿಸಿ! ಒಂದು ಹನಿನೂ ಇಲ್ಲ!"

ಮಾವ ಪೈಪು ಬಿಸಾಡಿ ತಾವೇ ತೊಯ್ದುಹೋದರು. ಅತ್ತೆ ಕುಂಕುಮದ ಬಟ್ಟಲು ತಂದು ಐದು ಕಿಟಕಿಗೆ ನಡುಮಧ್ಯೆ ಬೊಟ್ಟಿಟ್ಟರು. ಆರನೆಯದಕ್ಕೆ ಮಾತ್ರ ಮೂಲೆಯಲ್ಲಿ.

"ಇದೊಂದಕ್ಕೆ ಮೂಲೇಲಿ ಯಾಕೆ?" ಎಂದರು ಮಾವ.

"ಅಲ್ಲಿ ಇನ್ನೊಂದು ಚೂರು ಗಮ್ ಹಚ್ಚಿಬಿಡಿ. ಸುಮ್ನೆ, ಅಂದಕ್ಕೆ."

ಮಾವ ಆ ಬೊಟ್ಟನ್ನು ನೋಡಿದರು. ಅತ್ತೆಯ ಬೆರಳಿಗೆ ಮೆತ್ತಿದ್ದ ಒದ್ದೆ ರಂಗೋಲಿ ಪುಡಿಯನ್ನು ನೋಡಿದರು. ಗುಜರಿಯವನ ಹೆಸರೆತ್ತದೆ, "ಇವತ್ತು ಭಾನುವಾರ. ನಾಲ್ಕೂವರೆ ದಾಟಿದೆ, ರಾಹುಕಾಲ ಕಣೇ. ಆರು ಗಂಟೆ ಮೇಲೆ ಹಚ್ತೀನಿ" ಎಂದರು.

"ಈಗ್ಲೇ ಹಚ್ಚಿ. ನಾನು ಹಿಡ್ಕೋತೀನಿ" ಎಂದರು ಅತ್ತೆ. ಸೆರಗಿನಿಂದ ಆ ಮೂಲೆಯ ನೀರನ್ನೆಲ್ಲ ಒರೆಸಿ, ಕಿಟಕಿಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು ನಿಂತರು. ಮಾವ ಸಿಳ್ಳೆ ಹಾಕಲು ಹೋದರು. ಬರೀ ಗಾಳಿ ಬಂತು.