ರುಚಿ ನೋಡುವ ಮಾವ

ನನ್ನ ಸೋದರಮಾವನ ಅಡುಗೆ ಉಂಡೂ ಬದುಕಿ ಉಳಿದವರು ಇಡೀ ಕಾಪುವಿನಲ್ಲಿ ಇಬ್ಬರೇ. ಒಬ್ಬರು ಸ್ವತಃ ಮಾವ, ಇನ್ನೊಬ್ಬಳು ನಾನು!

ಅತ್ತೆ ಇದ್ದಷ್ಟು ದಿನ ನೀರಿನ ಲೋಟ ಎಲ್ಲುಂಟೆಂದೂ ಗೊತ್ತಿಲ್ಲದ ಮನುಷ್ಯ ಅವರು. ಕಳೆದ ವರ್ಷ ಅತ್ತೆ ತೀರಿಕೊಂಡರು. ನಮ್ಮಲ್ಲಿ ತೀರಿಹೋದವರಿಗೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯ ಹೊತ್ತಿಗೆ, ಅವರಿಷ್ಟದ ಅಡುಗೆ ಮಾಡಿ ಎಲೆ ಇಟ್ಟು ಬಡಿಸುವ ಕ್ರಮ ಉಂಟು. ಮಾವ ಘೋಷಿಸಿಬಿಟ್ಟರು: "ಅವಳಿಗೆ ಬಡಿಸುವ ಅಡುಗೆ ನನ್ನದೇ!" ಗ್ಯಾಸ್ ಹಚ್ಚಲೂ ಬಾರದವರು ಅತ್ತೆಯ ಇಷ್ಟದ ಕೋಳಿ ಸಾರು ಮಾಡುವುದುಂಟಾ? ಕಾರ್ಕಳದ ದೊಡ್ಡಮ್ಮ, ಅಂದರೆ ಮಾವನ ಅಕ್ಕ, ಫೋನಿನಲ್ಲೇ ಎದೆ ಹಿಡಿದುಕೊಂಡರು.

"ಪಾಪ, ಸತ್ತ ಮೇಲಾದರೂ ಅವಳನ್ನು ನೆಮ್ಮದಿಯಲ್ಲಿರಲು ಬಿಡು ಮಾರಾಯ!"

ಮಣಿಪಾಲದಿಂದ ಪ್ರತಿ ಆದಿತ್ಯವಾರ ಬಂದು ಕಲಿಸುವ ಕೆಲಸ ನನ್ನ ತಲೆಗೆ ಬಿತ್ತು. "ಎರಡು ಚಮಚ ಕೊತ್ತಂಬರಿ" ಎಂದರೆ ಸಾಕು, ಮಾವನಿಗೆ ಸಿಟ್ಟು. "ನಿನ್ನ ಅತ್ತೆ ಅಳೆದು ಹಾಕಿದ್ದನ್ನು ನೋಡಿದ್ದೀಯಾ? ನಾಲಿಗೆ ಉಂಟಲ್ಲ, ಅಷ್ಟೇ ಸಾಕು!" ಆ ನಾಲಿಗೆಯ ಪ್ರತಾಪವನ್ನು ಎಂತ ಹೇಳಲಿ? ಹುಣಸೆಹುಳಿ ಮುಗಿದಿದೆಯೆಂದು ತಿಳಿಸಾರಿಗೆ ಮಾವಿನ ಉಪ್ಪಿನಕಾಯಿಯ ರಸ ಸುರಿದರು! ಬಂಗುಡೆ ಸಾರು ಖಾರವಾಯಿತೆಂದು ಬೆಲ್ಲ, ಸಿಹಿಯಾಯಿತೆಂದು ಪುನರ್ಪುಳಿ, ಹುಳಿಯಾಯಿತೆಂದು ಮತ್ತೆ ಮೆಣಸು! ಮೀನಿಗೆ ಬೆಲ್ಲ, ರಾಮ ರಾಮ! ಸೌಟಿನಿಂದ ಅಂಗೈಗೆ ಸುರಿದು ರುಚಿ ನೋಡಿ ನೋಡಿ, ಊಟದ ಹೊತ್ತಿಗೆ ಪಾತ್ರೆಯಲ್ಲಿ ಉಳಿದದ್ದು ಮುಳ್ಳು.

"ಹೇಗುಂಟು?"

"ಮುಳ್ಳು ಚೆನ್ನಾಗಿ ಬೆಂದಿದೆ ಮಾವ."

ಆದರೂ ಸುಳ್ಳು ಹೇಳಬಾರದು. ಮಳೆಗಾಲ ಹಿಡಿಯುವ ಹೊತ್ತಿಗೆ ಅವರ ಸಾರು ಗಂಜಿಯ ಜೊತೆ ಗಂಟಲಲ್ಲಿ ಇಳಿಯತೊಡಗಿತ್ತು. ಅವರ ವಿದ್ಯೆ ಒಂದೇ: ಹಾಕು, ರುಚಿ ನೋಡು, ಪುನಃ ಹಾಕು. ಗ್ರಹಚಾರ ಇದ್ದದ್ದೂ ಅಲ್ಲಿಯೇ. ತೀರಿಹೋದವರಿಗೆ ಬಡಿಸುವ ಅಡುಗೆಯನ್ನು ಅದಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ! ನೋಡಿದರೆ ಎಂಜಲು. ಇನ್ನು ಮಾವ ಎಂತ ಮಾಡುವುದು?

ಆ ದಿನ ಬಂತು. ಕೋಳಿ ಸಾರು ಕುದಿಯುತ್ತಿತ್ತು. ದೊಡ್ಡಮ್ಮ ಪೊಲೀಸರ ಹಾಗೆ ಬಾಗಿಲಲ್ಲೇ ನಿಂತಿದ್ದರು. ಮಾವ ಸೌಟು ಎತ್ತಿದರು, ಇಳಿಸಿದರು, ಬೆವರು ಒರೆಸಿಕೊಂಡರು. ಮತ್ತೆ ಎತ್ತಿದವರು, ನಾವೆಲ್ಲ ನೋಡುತ್ತಿದ್ದಂತೆಯೇ, ಅಂಗೈಗೆ ಸುರಿದು ನೆಕ್ಕಿಯೇಬಿಟ್ಟರು! ನನ್ನ ಕೈಯಲ್ಲಿದ್ದ ತೆಂಗಿನಕಾಯಿ ಕೆಳಗೆ ಬಿತ್ತು.

"ಅಯ್ಯೋ ದೇವರೇ, ಎಂಜಲು ಮಾಡಿದೆಯಲ್ಲ!" ದೊಡ್ಡಮ್ಮ ಕಿರುಚಿದರು. "ನಿನಗೆ ತಲೆ ಸಮ ಉಂಟಾ?"

ಮಾವ ಒಲೆಯ ಕಡೆಯಿಂದ ತಿರುಗಲಿಲ್ಲ.

"ಅಕ್ಕ, ರುಚಿ ನೋಡದೆ ಅವಳು ಒಂದು ದಿನವೂ ನನ್ನ ಬಟ್ಟಲಿಗೆ ಹಾಕಿದವಳಲ್ಲ. ನಾನು ಅವಳಿಗೆ ಬಡಿಸುವುದು ಇದೇ ಮೊದಲು. ಚೆನ್ನಾಗಿಲ್ಲದಿದ್ದರೆ ಹೇಳಲಿಕ್ಕೂ ಅವಳು ಬರುವುದಿಲ್ಲ."

ನನಗೆ ಅಳು ಬಂತು. ದೊಡ್ಡಮ್ಮ ಒಳಗೆ ಬಂದು ತಮ್ಮನ ಕೈಯಿಂದ ಸೌಟು ತೆಗೆದುಕೊಂಡು, ತಾವೂ ಅಂಗೈಗೆ ಸುರಿದು ನೆಕ್ಕಿದರು.

"ಉಪ್ಪು ಸ್ವಲ್ಪ ಕಮ್ಮಿ ಉಂಟು," ಎಂದರು. "ಹಾಕು. ಆಮೇಲೆ ಎಲೆ ಇಡುವ."