ಬಾರ್ಜಿಲೈನ ಚಹಾ ತಪಾಸಣೆ

ಮೆಹಿಟಬಲ್ ಅಡುಗೆಮನೆಯ ಕಿಟಕಿ ಮುಚ್ಚಲು ಮರೆತದ್ದೇ ಎಲ್ಲಕ್ಕೂ ಮೂಲ. ಅವಳ ಗಂಡ, ಪೀಪಾಯಿ ಮಾಡುವ ಬಾರ್ಜಿಲೈ ಟಪ್ಪರ್, ಬೆಳಗಿನ ಚಹಾದ ಮೊದಲ ಗುಟುಕು ಹೀರುವಷ್ಟರಲ್ಲಿ ಅದರ ಘಮ ಬೇಲಿ ದಾಟಿ ಪಕ್ಕದ ಮನೆಯ ಒಬೆದ್ ಪೇನ್‌ರ ಮೂಗಿಗೆ ಬಡಿದಿತ್ತು. ಒಬೆದ್ ಇಗರ್ಜಿಯ ಹಿರಿಯರು, ಮೇಲಾಗಿ ಊರಿನ ಕ್ರಾಂತಿ ಸಮಿತಿಯ ಅಧ್ಯಕ್ಷರು. ಇಂಗ್ಲೆಂಡಿನ ರಾಜನ ತೆರಿಗೆಯನ್ನು ಧಿಕ್ಕರಿಸಿ ಬಾಸ್ಟನ್ನಿನ ಜನ ಚಹಾವನ್ನು ಸಮುದ್ರಕ್ಕೆ ಸುರಿದ ಮೇಲೆ, ಅದನ್ನು ಕುಡಿಯುವವನು ದೇಶದ್ರೋಹಿಯೆಂದು ಸಮಿತಿ ಸಾರಿತ್ತು.

ಸಂಜೆಯ ಊರ ಸಭೆಗೆ ಚಹಾದ ಡಬ್ಬಿ ತಂದೊಪ್ಪಿಸಿ ಕ್ಷಮೆ ಕೇಳಬೇಕೆಂದು ಒಬೆದ್ ಬಾಗಿಲಲ್ಲೇ ನಿಂತು ಹೇಳಿದರು. ರಾಜ ಜಾರ್ಜನಿಗೆ ಆಯುಷ್ಯ ಬೇಡದೆ ಊಟಕ್ಕೆ ಕೂರದ ಬಾರ್ಜಿಲೈಗೆ ಮೈಯೆಲ್ಲ ಉರಿಯಿತು.

"ನಿಮ್ಮನ್ನ ಆರಿಸಿದ್ದು ಯಾರ್ರೀ? ಹೆಂಡದಂಗಡೀಲಿ ನಾಲ್ಕು ಜನ ಕೂತು ನಾವೇ ಸಮಿತಿ ಅಂದ್ಬಿಟ್ರೆ ಆಗೋಯ್ತಾ? ಊರ ಸಭೆ ಕೈಯೆತ್ತಿ ಆರಿಸಿದೋರ ಮಾತು ಮಾತ್ರ ನಾನು ಕೇಳೋದು. ರಾಜನ ಕಾನೂನು ಅದು."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತು. ಪೀಪಾಯಿಗೆ ಕಬ್ಬಿಣದ ಬಳೆ ಕೇಳಿದರೆ, ರಾಜನ ಕೈಲೇ ಮಾಡಿಸ್ಕೊ ಎಂದ ಕಮ್ಮಾರ. ಅವನ ಒಲೆಯ ಮೇಲೆ ಡಾಂಬರು ಕುದಿಯುತ್ತಿತ್ತು. ಮೂಲೆಮನೆಯ ವಿಧವೆ ಬಾತುಕೋಳಿಯ ಗರಿ ಕೀಳುತ್ತಾ ಬಾರ್ಜಿಲೈನ ಮೈಯಳತೆಯನ್ನು ಕಣ್ಣಲ್ಲೇ ತೆಗೆದಳು. ರಾಜನ ಪರ ನಿಂತ ತಪ್ಪಿಗೆ ಮೈಗೆ ಡಾಂಬರು ಬಳಿಸಿಕೊಂಡು ಗರಿ ಮೆತ್ತಿಸಿಕೊಂಡವರನ್ನು ಅವನು ಕಂಡಿದ್ದ. ಆದರೂ ಡಬ್ಬಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಸಂಜೆ ಸಭೆಯಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ಬೆಳಗಿನ ಮಾತನ್ನೇ ಇನ್ನಷ್ಟು ಜೋರಾಗಿ ಹೇಳಿದ. ಯಾರೂ ಬೈಯಲಿಲ್ಲ, ಅದೇ ಅವನಿಗೆ ವಿಚಿತ್ರವೆನಿಸಿತು. ಒಬೆದ್ ಗಂಟಲು ಸರಿಮಾಡಿಕೊಂಡರು.

"ಟಪ್ಪರ್ ಹೇಳೋದು ನ್ಯಾಯ. ಕಾನೂನು ಪ್ರಕಾರಾನೇ ಆಗ್ಲಿ. ಊರಿನ ಮನೆಮನೆ ಹುಡುಕಿ ಸಿಕ್ಕ ಚಹಾ ಸುಡೋ ತಪಾಸಣೆ ಕೆಲಸಕ್ಕೆ ನಾನು ಬಾರ್ಜಿಲೈ ಟಪ್ಪರ್ ಹೆಸರು ಸೂಚಿಸ್ತೀನಿ."

ಸಭೆಗೆ ಸಭೆಯೇ ಕೈಯೆತ್ತಿತು. ಊರ ಸಭೆ ಆರಿಸಿದ ಕೆಲಸವನ್ನು ಒಲ್ಲೆ ಎಂದವನಿಗೆ ದಂಡ, ತಪ್ಪಿದರೆ ಜೈಲು. ಅದೂ ರಾಜನದೇ ಕಾನೂನು. ಬಾರ್ಜಿಲೈ ಪ್ರಮಾಣವಚನ ತೆಗೆದುಕೊಂಡ. ಎಲ್ಲರ ಕಣ್ಣಿಗೆ ಬಿದ್ದಿದ್ದ ಚಹಾ ಒಂದೇ, ಅವನ ಕೈಯಲ್ಲಿದ್ದದ್ದು. ಅದನ್ನು ತಾನೇ ಬೆಂಕಿಗೆ ಸುರಿದ. ಆಗ ಅವನಿಗಾದ ಸಂಕಟ ಶತ್ರುವಿಗೂ ಬೇಡ.

ಹೊಣೆ ಹೊತ್ತ ಮೇಲೆ ತಡವೇಕೆಂದು ಹಲ್ಲು ಕಚ್ಚಿಕೊಂಡು ಮೊದಲು ಒಬೆದ್‌ರ ಮನೆಗೇ ನುಗ್ಗಿದ. ಅವರ ಹೆಂಡತಿ ನಗುತ್ತಾ ಬಟ್ಟಲು ಮುಂದಿಟ್ಟು, ಕಾಫಿ ಎಂದರು. ಒಂದು ಗುಟುಕು ಹೀರಿದ. ಚಹಾ! ಸುಟ್ಟುಹಾಕಿದ್ದಕ್ಕಿಂತ ಎಷ್ಟೋ ಪಾಲು ಮೇಲು.

ಒಬೆದ್ ಬಾಗಿಲು ಮುಚ್ಚಿ ಪಕ್ಕದಲ್ಲಿ ಕೂತರು. "ಎಲ್ಲರ ಮನೇಲೂ ಇದೆ ಕಣಯ್ಯ. ಹೊರಗಿನ ಸಮಿತಿಯೋರು ಬಂದು ಹುಡುಕೋಕೆ ಮುಂಚೆ ನಮ್ಮೋನು ಒಬ್ಬ ಬೇಕಿತ್ತು. ಚಹಾದ ರುಚಿ ಗೊತ್ತಿರೋನೇ ಆಗ್ಬೇಕಲ್ವಾ?"

ಬಾರ್ಜಿಲೈ ಚಹಾ ಮುಗಿಸಿದ. ಬಟ್ಟಲು ಮುಂದಕ್ಕೆ ತಳ್ಳಿದ.

"ಕಾಫಿನೋ ಅಲ್ವೋ ಅಂತ ಒಂದೇ ಬಟ್ಟಲಲ್ಲಿ ಹೇಳೋಕಾಗಲ್ಲ."

ಹೀಗೆ ರಾಜನ ಪರಮಭಕ್ತನ ಮನೆಯೊಂದನ್ನು ಬಿಟ್ಟು ಆ ಕ್ರಾಂತಿಯ ಊರಿನ ಮಿಕ್ಕೆಲ್ಲ ಮನೆಗಳಲ್ಲಿ ಚಹಾ ಉಳಿಯಿತು. ತಪಾಸಣೆ ಒಬ್ಬರಿಂದಾಗುವ ಕೆಲಸವಲ್ಲವೆಂದು ಮರುದಿನದಿಂದ ಮೆಹಿಟಬಲ್ಲೂ ಅವನ ಜೊತೆಗೆ ಹೊರಟಳು.